ಶಿಳ್ಳೆಗೆ ಇಳಿದುಹೋದ ರಾಣಿ

ನಾಟಕ ಕಂಪನಿಯಲ್ಲಿ ಎಲ್ಲರಿಗೂ ಅವನು ರಾಣಿಯಣ್ಣ. ಮೂವತ್ತು ವರ್ಷದಿಂದ ರಾಣಿಯ ಪಾತ್ರ ಅವನದೇ. ಕಣ್ಣಿಗೆ ಕಾಡಿಗೆ ಬಿದ್ದಿತೆಂದರೆ ಮುಗಿಯಿತು, ಬಣ್ಣ ತೊಳೆಯುವವರೆಗೆ ಗಂಡುದನಿ ಹೊರಡಬಾರದು. ಅದು ಗುರುಗಳು ಹಾಕಿಕೊಟ್ಟ ನೇಮ. ಮೊಣಕೈ ಸೊಂಟದಿಂದ ಗೇಣುದ್ದ ಸರಿದರೂ ಅವರ ಬೆತ್ತ ಮಾತಾಡುತ್ತಿತ್ತು.

ಇವತ್ತಿನ ಆಟ ಅವನ ಪಾಲಿಗೆ ಕೊನೆಯದಾಗಬಹುದಿತ್ತು. "ಗಂಡಸರ ಹೆಣ್ಣುವೇಷ ಈಗ ಯಾರಿಗೆ ಬೇಕು? ಇವತ್ತು ಜನ ಒಪ್ಪಿದ್ರೆ ಸರಿ, ಇಲ್ದಿದ್ರೆ ಈ ಪಾತ್ರ ಇಲ್ಲಿಗೇ ಮುಗೀತು," ಎಂದು ಮಾಲೀಕರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಮೊದಲ ಸರದಿ ಕಡಲಾಚೆಯಿಂದ ಬಂದ ಅತಿಥಿಯದು. ಅವನದೂ ಹೆಣ್ಣುವೇಷವೇ. ಆರಡಿ ಆಳು, ಗುಲಾಬಿ ಬಣ್ಣದ ಕೂದಲು. ಕಂಪನಿಯವರು ಇಟ್ಟ ಹೆಸರು ದೊಡ್ಡಕ್ಕ. ಅವನನ್ನು ನೋಡಲೆಂದು ಅವನ ದೇಶದವರೇ ಮುಕ್ಕಾಲು ಸಭೆ ತುಂಬಿದ್ದರು. ದೊಡ್ಡಕ್ಕ ಗಂಡುದನಿಯಲ್ಲೇ ಮುಂದಿನ ಸಾಲಿನವರ ಕಾಲೆಳೆದ, ತನ್ನನ್ನೂ ಬಿಡಲಿಲ್ಲ, ಕೊನೆಗೆ ಕೂದಲನ್ನೇ ಕಿತ್ತು ಬೋಳುತಲೆ ತೋರಿಸಿದ. ಪರದೆಯ ಸಂದಿಯಿಂದ ನೋಡುತ್ತಿದ್ದ ರಾಣಿಯಣ್ಣ ಕಣ್ಣು ಮುಚ್ಚಿಕೊಂಡ. ತಾನು ಮೂವತ್ತು ವರ್ಷ ಮುಚ್ಚಿಟ್ಟದ್ದನ್ನು ಈ ಪುಣ್ಯಾತ್ಮ ತೆರೆದಿಟ್ಟು ಚಪ್ಪಾಳೆ ಗಿಟ್ಟಿಸುತ್ತಿದ್ದ.

ಆಮೇಲೆ ಇವನ ಸರದಿ. ಯುದ್ಧಕ್ಕೆ ಹೊರಟ ಮಗನನ್ನು ರಾಣಿ ಬೀಳ್ಕೊಡುವ ದೃಶ್ಯ. ಎರಡು ಹೆಜ್ಜೆ ಇಟ್ಟು ಓರೆಗಣ್ಣಲ್ಲಿ ಮಗನತ್ತ ನೋಡಿದನಷ್ಟೆ, ಸಭೆ ಹೋ ಎಂದಿತು. ಶಿಳ್ಳೆ, ಕೂಗು, ಬೆಂಚು ಬಡಿಯುವ ಸದ್ದು. ನಗಿಸುವವನಿಗೆ ಕೂಗಿದರೆ ಸರಿ, ಆದರೆ ಇವನ ಕಂಪನಿಯಲ್ಲಿ ರಾಣಿ ಬಂದರೆ ಕೆಮ್ಮು ಬಂದವನೂ ನುಂಗಿಕೊಳ್ಳಬೇಕು. ಶಿಳ್ಳೆ ಬಿತ್ತೆಂದರೆ ಇಳಿದುಹೋಗು ಎಂದರ್ಥ. ಅವಮಾನಕ್ಕೆ ಮೈಯೆಲ್ಲ ಉರಿದು, ಅವನು ಇಳಿದೇ ಹೋದ.

ಪರದೆಯ ಹಿಂದೆ ಹೆಂಡತಿ ಸೂಜಿದಾರ ಹಿಡಿದು ನಿಂತಿದ್ದಳು. "ಗೇಲಿ ಮಾಡ್ತಿದ್ದಾರೆ ಕಣೇ, ನಾನು ಮತ್ತೆ ಹೋಗಲ್ಲ," ಎಂದ. ಅಷ್ಟು ಸಿಟ್ಟಿನಲ್ಲೂ ಹೆಣ್ಣುದನಿ ಬಿಟ್ಟಿರಲಿಲ್ಲ. ಬೈಗುಳವೂ ಜೋಗುಳದಂತೆ ಕೇಳಿಸಿತು.

ದೊಡ್ಡಕ್ಕ ಏದುಸಿರು ಬಿಡುತ್ತಾ ಓಡಿಬಂದ. ಒಂದು ತಿಂಗಳಲ್ಲಿ ಕಲಿತ ಮುರುಕು ಮಾತು ಅವನದು. "ಗೇಲಿ ಅಲ್ಲ. ನಮ್ಮ ಜನ ಸುಮ್ನೆ ಕೂತ್ರೆ ಬೇಡ ಅಂತ ಅರ್ಥ. ನಾನು ಅರ್ಧ ಗಂಟೆ ಒದ್ದಾಡಿದೆ, ಆಮೇಲೆ ಕೂಗಿದ್ರು. ನೀನು ಬರೀ ಕಣ್ಣು ತಿರುಗಿಸಿದೆ."

"ಕೇಳಿಸ್ತಲ್ಲ?" ಎಂದು ಹೆಂಡತಿ ಅವನ ಬೆನ್ನಿಗೆ ಕೈ ಹಾಕಿ ತಳ್ಳಿದಳು. "ಹೋಗ್ರೀ, ಪಾಪ, ಮಗ ಅಲ್ಲಿ ಒಬ್ಬನೇ ಬೆಪ್ಪನ ಹಾಗೆ ನಿಂತಿದ್ದಾನೆ."

ರಾಣಿಯಣ್ಣ ಮರಳಿದ. ಕೂಗು ಮೊದಲಿಗಿಂತ ಜೋರಾಯಿತು. ಅದು ರಂಗದ ಹಲಗೆಯಿಂದ ಅಂಗಾಲಿಗೆ, ಅಂಗಾಲಿನಿಂದ ಎದೆಗೆ ಏರಿದಾಗ ಕುಡಿಯದೆಯೇ ಅಮಲೇರಿತು. ಮಗನ ಕೆನ್ನೆ ಸವರಿದ, ಹೋ. ಮುಖ ತಿರುಗಿಸಿ ಕಣ್ಣೊರೆಸಿಕೊಂಡ, ಬೆಂಚುಗಳು ಗುಡುಗಿದವು. ಹಿಂದಿನ ಸಾಲಲ್ಲಿ ಕೈಕಟ್ಟಿ ಕೂತಿದ್ದ ಮಾಲೀಕರು ಮಾನ ಮರ್ಯಾದೆ ಮರೆತು ಎದ್ದು ನಿಂತು, "ಮುಂದಿನ ಆಟಕ್ಕೂ ನೀನೇ ಕಣೋ ರಾಣಿ," ಎಂದು ಗಂಟಲು ಹರಿಯುವಂತೆ ಕೂಗಿದರು.

ಪಾತ್ರ ಉಳಿಯಿತು. ಮಗ ಯುದ್ಧಕ್ಕೆ ಹೊರಡುವ ಹೊತ್ತಾಗಿತ್ತು, ಕೈ ಕೊಸರಿಕೊಳ್ಳುತ್ತಿದ್ದ. ರಾಣಿ ಬಿಡಲಿಲ್ಲ. ಮೂವತ್ತು ವರ್ಷ ಮೌನವನ್ನೇ ಬೇಡಿದವನು ಮತ್ತೊಮ್ಮೆ ಮೆಲ್ಲಗೆ ಸಭೆಯತ್ತ ಕಣ್ಣೆತ್ತಿ, ಅವರು ಕೂಗುವುದನ್ನೇ ಕಾದು ನಿಂತ.