ಸ್ಟೀರಿಂಗ್ ತಿರುಗಿತು, ಗಾಲಿ ತಿರುಗಲಿಲ್ಲ

ನಾನು ಒಂದು ಹಳೆಯ ಕಾರು. ಆ ದಿನ ಬೆಳಿಗ್ಗೆ ನೀಲಾ ನನ್ನನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದರಿಂದ ಅವಳಿಗೆ ಅವಸರವಿತ್ತು. ಅವಳ ಮಗಳು ಮುಕ್ತಾ ಡ್ರೈವರ್ ಸೀಟಿನಲ್ಲಿ ಕೂತು, ಬಾಯಲ್ಲೇ ಹಾರ್ನ್ ಹೊಡೆಯುತ್ತ, ಸ್ಟೀರಿಂಗನ್ನು ಅತ್ತಿತ್ತ ಆಡಿಸುತ್ತಿದ್ದಳು. ಮುಂದಿನ ಗಾಲಿಯ ಕೆಸರು ತೆಗೆಯಲು ಬಗ್ಗಿದ ನೀಲಾಳ ಕೈ ಅಲ್ಲೇ ನಿಂತಿತು. ಮೇಲೆ ಸ್ಟೀರಿಂಗ್ ತಿರುಗುತ್ತಿತ್ತು. ಕೆಳಗೆ ಗಾಲಿ ಅಲುಗಾಡುತ್ತಿರಲಿಲ್ಲ. ಒಳಗಿನಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ಅವಳು ಏಳಲಿಲ್ಲ.

ಅವಳು ಆಗ ಕಂಡದ್ದು ನನಗೆ ಬಹಳ ದಿನಗಳಿಂದ ಗೊತ್ತಿತ್ತು. ಹೇಳೋಣವೆಂದರೆ ನನಗೆ ಬಾಯಿಲ್ಲ. ಹೇಳಿದರೂ ಏನಾದೀತೋ ಎಂಬ ಭಯ ಬೇರೆ.

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ದುಂಡು ಮೂಗು, ಬೆಣ್ಣೆಯ ಬಣ್ಣ. ಮೊದಲು ನನ್ನನ್ನು ಕೊಂಡವರು ಗದಗಿನ ಒಬ್ಬ ಡಾಕ್ಟರು. ಅವರ ಜೊತೆ ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು, ಒಳಗೆ ಯಾರಾದರೂ ಅತ್ತಾರೇನೋ ಎಂದು ಕಿವಿಗೊಟ್ಟು ಕಾಯುವುದನ್ನು ಕಲಿತೆ. ಆಮೇಲೆ ಹುಬ್ಬಳ್ಳಿಯ ಸಂಗಪ್ಪಜ್ಜನ ಮನೆಗೆ ಬಂದೆ. ಅಜ್ಜ ಚಪ್ಪಲಿ ಹೊರಗೆ ಬಿಟ್ಟೇ ನನ್ನೊಳಗೆ ಕಾಲಿಡುತ್ತಿದ್ದರು. ಮಗ ಗುರುಪಾದನ ಮದುವೆಯಲ್ಲಿ ಸೊಸೆ ನೀಲಾಳನ್ನು ಮನೆ ತುಂಬಿಸಿಕೊಂಡದ್ದು ನನ್ನಲ್ಲಿ ಕೂರಿಸಿಕೊಂಡು ಬಂದೇ. ಮುಕ್ತಾ ಬಟ್ಟೆಯ ಗಂಟಿನಂತೆ ಆಸ್ಪತ್ರೆಯಿಂದ ಮನೆಗೆ ಬಂದದ್ದೂ ನನ್ನಲ್ಲೇ.

ಪ್ರತಿ ವರ್ಷ ಮಹಾನವಮಿಗೆ ಮುಂಚೆ ಅಜ್ಜ ನನ್ನ ಹೊಟ್ಟೆಯಡಿ ತುಕ್ಕು ಹಿಡಿಯದಿರಲೆಂದು ಮೆಕ್ಯಾನಿಕ್ ದಸ್ತಗೀರನಿಂದ ಆಯಿಲ್ ಹೊಡೆಸುತ್ತಿದ್ದರು. ಪೂಜೆಯ ದಿನ ನಾನು ಕೆಳಗೂ ಮೇಲೂ ಮಿರಮಿರ ಮಿಂಚುತ್ತಿದ್ದೆ. ಅಜ್ಜ ತೀರಿಕೊಂಡ ಮೇಲೆ ಗುರುಪಾದ ಆ ಪದ್ಧತಿಯನ್ನು ಒಂದು ವರ್ಷವೂ ತಪ್ಪಿಸಲಿಲ್ಲ.

ಆದರೆ ಎಲ್ಲೋ ಏನೋ ಸಡಿಲಾಗುತ್ತ ಬಂತು. ನೇರ ರಸ್ತೆಯಲ್ಲೂ ನಾನು ಎಡಕ್ಕೆ ಸರಿಯುತ್ತಿದ್ದೆ, ಗುರುಪಾದ ಬಲಕ್ಕೆ ಎಳೆಯುತ್ತಿದ್ದ. ಒಮ್ಮೆ ಯಾವುದೋ ಗ್ಯಾರೇಜಿನವನು, "ಇದರ ಸಾಮಾನ ಈಗ ಎಲ್ಲಿ ಸಿಗತಾವ್ರಿ? ಗುಜರಿಗೆ ಹಾಕ್ರಿ," ಎಂದುಬಿಟ್ಟ. ಅಂದಿನಿಂದ ಗುರುಪಾದ ನನ್ನನ್ನು ಯಾರ ಕೈಗೂ ಬಿಚ್ಚಲು ಕೊಡಲಿಲ್ಲ. ಬಿಚ್ಚಿದರೆ ತಾನೇ ಗುಜರಿಯ ಮಾತು? ಓಡಿಸುವಾಗ ಅವನ ಅಂಗೈ ಬೆವರಿ ಸ್ಟೀರಿಂಗ್ ಒದ್ದೆಯಾಗುತ್ತಿತ್ತು. ಹಿಂದಿನ ಸೀಟಿನಿಂದ ಮುಕ್ತಾ ಅವನ ಕೈಗಳನ್ನೇ ನೋಡುತ್ತ ಏನೋ ಕೇಳಲು ಬಾಯಿ ತೆರೆಯುವಳು. ನೀಲಾ ಅವಳ ಮೊಣಕಾಲು ಒತ್ತಿ ಸುಮ್ಮನಾಗಿಸುವಳು.

ನೀಲಾ ಗಾಲಿ ನೋಡಿದ ಆ ಬೆಳಗಿನ ಮರುದಿನ ಅಂಕೋಲೆಯಲ್ಲಿ ಅವಳ ಬಸುರಿ ತಂಗಿಯ ಕುಬಸ. ಅರಬೈಲು ಘಾಟಿ ಇಳಿಯಬೇಕು.

"ರೀ, ಇಲ್ಲೆ ಬರ್ರಿ," ಎಂದು ಗಾಲಿಯ ಹತ್ತಿರದಿಂದಲೇ ನೀಲಾ ಕೂಗಿದಳು. ಗುರುಪಾದ ಹಲ್ಲುಜ್ಜುತ್ತಲೇ ಬಂದ.

"ಮುಕ್ತಾ ತಿರಗಸ್ತಾಳ, ಗಾಲಿ ತಿರಗವಲ್ದು."

"ಹಳೇ ಗಾಡಿ. ಅದರ ಗುಣಾನ ಹಂಗ."

"ನನ್ನ ಕುಕ್ಕರಿನ ಹಿಡಿ ಅಲಗಾಡಿದ್ರ, ಅದರ ಗುಣಾ ಅಂತ ಸುಮ್ನ ಬಿಡ್ತೀನೇನ್ರಿ?"

"ಕುಕ್ಕರೂ ಕಾರೂ ಒಂದ ಏನ?"

"ಅಲ್ಲ. ಕುಕ್ಕರಿನ್ಯಾಗ ನಾ ಮಗಳನ್ನ ಕೂಡ್ಸೂದಿಲ್ಲ. ದಸ್ತಗೀರಣ್ಣ ನೋಡೂ ತನಕ ಇದರಾಗೂ ಕೂಡ್ಸೂದಿಲ್ಲ. ನಾವಿಬ್ರೂ ಬಸ್ಸಿಗೆ ಹೋಗ್ತೀವಿ."

ಗುರುಪಾದ ನನ್ನ ಕಡೆ ನೋಡಿದ. ನಾನೂ ಅವನೂ ಒಂದೇ ವಿಷಯಕ್ಕೆ ಹೆದರಿದ್ದೆವು.

ಗುರುಪಾದ ಒಬ್ಬನೇ ನನ್ನನ್ನು ಮೆಲ್ಲಗೆ ಗ್ಯಾರೇಜಿಗೆ ತಂದ, ತಾಯಿ ಮಗಳು ನಡೆದು ಬಂದರು. ದಸ್ತಗೀರ ತನ್ನ ದೊಡ್ಡ ಹೊಟ್ಟೆಯನ್ನು ನನ್ನಡಿಗೆ ತೂರಿಸಿ ಮಲಗಿದ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಮೇಲೊಬ್ಬರು ಆಡಿಸಬೇಕು, ಕೆಳಗೊಬ್ಬರು ಬೆರಳಿಟ್ಟು ನೋಡಬೇಕು.

"ಮುಕ್ತವ್ವಾ, ಇವತ್ತ ನೀನ ಡ್ರೈವರ. ಜೋರಾಗಿ ಬ್ಯಾಡ. ಅವ್ವ ಮೊಸರ ಕಡೀತಾಳಲ್ಲ, ಹಂಗ. ಸಣ್ಣಗ ಅತ್ತಾಗ, ಸಣ್ಣಗ ಇತ್ತಾಗ."

ಮುಕ್ತಾ ನಾಲಿಗೆ ಕಚ್ಚಿಕೊಂಡು ಆಡಿಸಿದಳು. ಅವನ ಬೆರಳು ಒಂದೊಂದೇ ಕೀಲಿನ ಮೇಲೆ ಕೂತು ಏಳುತ್ತಿತ್ತು. ಗಾಲಿಯನ್ನು ತಿರುಗಿಸುವ ಸರಳಿನ ತುದಿಗೆ ಬಂದಾಗ ನನ್ನೊಳಗೆ 'ಟಕ್' ಎಂದಿತು. ಮತ್ತೆ 'ಟಕ್'. ಅಲ್ಲಿ ಬಟ್ಟಲಿನಲ್ಲಿ ಕೂತ ಉಂಡೆಯಂಥ ಒಂದು ಕೀಲಿದೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದಂತೆ ಅದರ ಮೇಲೊಂದು ರಬ್ಬರಿನ ಮುಸುಕು. ಆ ಮುಸುಕು ಅವನ ಬೆರಳಿಗೆ ಲೋಳೆಯಾಗಿ ಅಂಟಿಕೊಂಡು ಬಂತು.

"ಮಾಲಕ್ರ, ವರ್ಷಾ ಹಬ್ಬಕ್ಕ ಆಯಿಲ್ ಹೊಡಸ್ತಿದ್ವಿ ನೋಡ್ರಿ?"

"ಹೂಂ. ತುಕ್ಕ ಹಿಡೀಬಾರ್ದು ಅಂತ. ಅಪ್ಪನ ಕಾಲದಿಂದಾನೂ."

"ತುಕ್ಕೇನ ಹಿಡದಿಲ್ಲ. ಆಯಿಲ್ ರಬ್ಬರ್ ತಿಂದೈತಿ, ಒಳಗ ಮಣ್ಣ ಹೊಕ್ಕೈತಿ, ಉಂಡಿ ಸವದೈತಿ. ಹೊಡಿ ಅಂದಾವ್ರು ನೀವು, ಹೊಡದಾಂವ ನಾನು. ಇಬ್ರೂ ಕೂಡಿ ಲಾಡು ತಿನಿಸಿ ತಿನಿಸಿ ಸಕ್ಕರಿ ರೋಗ ಬರಿಸೀವಿ!"

ಅವನು ನಕ್ಕ. ಯಾರೂ ನಗಲಿಲ್ಲ. ಅವನೂ ನಗು ನಿಲ್ಲಿಸಿದ.

"ಘಾಟಿನ್ಯಾಗ ಈ ಕೀಲ ಕಳಚಿ ಬಿದ್ದಿದ್ರ ಸ್ಟೇರಿಂಗ ನಿಮ್ಮ ಕೈಯಾಗ, ಗಾಲಿ ದೇವರ ಕೈಯಾಗ."

ನೀಲಾ ಮುಕ್ತಾಳನ್ನು ಸೀಟಿನಿಂದ ಇಳಿಸಿ ಸೊಂಟಕ್ಕೆ ಒತ್ತಿಕೊಂಡಳು. ಗುರುಪಾದ ಮೆಲ್ಲಗೆ ಕೇಳಿದ, "ಅಂದ್ರ... ಗುಜರಿಗೇನ?"

"ತಡೀರಿ. ಮದ್ಲ ಹುಡುಕ್ತೀನಿ. ಸಿಗಲಿಲ್ಲಂದ್ರ ಆಮ್ಯಾಲ ಮಾತಾಡೂಣು."

ಸವೆದದ್ದನ್ನು ಬಿಚ್ಚಿ ಕೈಯಲ್ಲಿ ಹಿಡಿದು ಅವನು ಹೊರಟುಹೋದ. ನಾನು ಮರದ ದಿಮ್ಮಿಗಳ ಮೇಲೆ ಮುಂಗಾಲಿಲ್ಲದೆ ಕುಳಿತಿದ್ದೆ. ಎದುರಿನ ಗೋಡೆಗೆ ಒರಗಿಸಿದ್ದ ಯಾವುದೋ ಕಾರಿನ ಬಾಗಿಲುಗಳನ್ನು ನೋಡಬಾರದೆಂದುಕೊಂಡರೂ ನೋಡಿದೆ. ಗುರುಪಾದ ನನ್ನ ಪಕ್ಕದಲ್ಲೇ ಕಲ್ಲಿನ ಮೇಲೆ ಕುಳಿತ. ನೀಲಾ ಕೊಟ್ಟ ಚಹಾ ಅವನ ಕೈಯಲ್ಲೇ ಆರಿತು. ಬಿಸಿಲು ನನ್ನ ಮೂಗಿನಿಂದ ಬೆನ್ನಿಗೆ ಸರಿದ ಮೇಲೆ ದಸ್ತಗೀರ ಬಂದ. ಕೈಯಲ್ಲಿ ಎಣ್ಣೆಕಾಗದ ಸುತ್ತಿದ ಒಂದು ಜೊತೆ ಹೊಸ ಕೀಲು.

"ಹಳೇ ಅಂಗಡ್ಯಾಗ ಅಟ್ಟದ ಮ್ಯಾಲ ಕುಂತಿದ್ವು. ಯಾರೂ ಕೇಳಾವ್ರಿದ್ದಿಲ್ಲಂತ!"

ಎರಡೂ ಕಡೆ ಕೀಲು ಕೂಡಿಸಿ, ನಟ್ಟು ಬಿಗಿದು, ಅದು ಸಡಿಲಾಗದಂತೆ ಪಿನ್ನು ಚುಚ್ಚಿದ. ಗಾಲಿಗಳು ನೇರ ನಿಂತಿವೆಯೇ ಎಂದು ನೋಡಲು ಹಿಂದಿನ ಗಾಲಿಯಿಂದ ಮುಂದಿನದಕ್ಕೆ ದಾರ ಎಳೆದರು. ಒಂದು ತುದಿ ನೀಲಾ ಹಿಡಿದಳು, ರಂಗೋಲಿಯ ಮೊದಲ ಗೆರೆ ನೋಡುವಂತೆ ಕಣ್ಣು ಕಿರಿದು ಮಾಡಿಕೊಂಡು. ಕೊನೆಗೆ ಮುಕ್ತಾ ಸೀಟು ಹತ್ತಿ, ಸ್ಟೀರಿಂಗ್ ಹಿಡಿದು ಮತ್ತೆ ಮೊಸರು ಕಡೆದಳು. ಅವಳು ಕೂದಲೆಳೆಯಷ್ಟು ತಿರುಗಿಸಿದರೆ ಗಾಲಿಯೂ ಅಷ್ಟೇ ತಿರುಗಿತು.

"ಇನ್ನ ಮ್ಯಾಲ ಹಬ್ಬಕ್ಕ ಹೂವು ಏರಸ್ರಿ, ಸಾಕು," ಎಂದ ದಸ್ತಗೀರ.

ನನಗೆ ವಯಸ್ಸಾಗಿದೆ. ಇಂದು ಈ ಕೀಲು, ನಾಳೆ ಇನ್ನೊಂದು. ಅಟ್ಟದ ಮೇಲೆ ಪ್ರತಿ ಸಲ ಏನಾದರೂ ಕುಳಿತಿರುತ್ತದೆಂದು ನಂಬಿ ಕೂರಲಾರೆ. ಆದರೆ ಇಷ್ಟು ಗೊತ್ತಾಯಿತು: ನನ್ನ ಒಳಗನ್ನು ಮುಚ್ಚಿಟ್ಟು ಮಿಂಚಿಸಿದ ದಿನಗಳಿಗಿಂತ, ಬಿಚ್ಚಿ ಕೊರತೆ ಹೇಳಿದ ಈ ದಿನವೇ ಇವರು ನನ್ನನ್ನು ಹೆಚ್ಚು ಪ್ರೀತಿಸಿದ್ದು.

ಸಂಜೆ ಮನೆಯ ಕಡೆ ಹೊರಟೆವು. ನೇರ ರಸ್ತೆ. ನಾನು ಸರಿಯಲಿಲ್ಲ, ಅವನು ಎಳೆಯಲಿಲ್ಲ. ಗುರುಪಾದನ ಎರಡೂ ಕೈ ಸ್ಟೀರಿಂಗಿನ ಮೇಲೆ ಸುಮ್ಮನೆ ಕುಳಿತಿದ್ದವು. ಅಂಗೈ ಒಣಗಿತ್ತು. ಹಿಂದಿನ ಸೀಟಿನಿಂದ ಮುಕ್ತಾ ಮುಂದೆ ಬಾಗಿ ಆ ಕೈಗಳನ್ನು ಬಹಳ ಹೊತ್ತು ನೋಡಿದಳು. ನೀಲಾಳ ಕೈ ಅವಳ ಮೊಣಕಾಲಿನ ಕಡೆ ಸರಿಯಿತು, ಅರ್ಧದಲ್ಲೇ ನಿಂತಿತು.

"ಅಪ್ಪಾ, ಇಷ್ಟ ದಿನಾ ನಿನಗ ಅಂಜಿಕಿ ಬರ್ತಿತ್ತೇನ?"