ಹಸಿ ಕಲ್ಲಿನ ಸಪ್ಪಳ

ಸೋಮವಾರ ಮುಂಜಾನೆ ಹಾಜರಿ ಹಚ್ಚಲು ಹೋದಾಗ ಆಫೀಸಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ದಾನಮ್ಮನಿಗೆ ಓದು ಬರುತ್ತಿರಲಿಲ್ಲ. ತನ್ನ ಹೆಸರನ್ನಷ್ಟೇ ಗುರುತು ಹಿಡಿಯುತ್ತಿದ್ದಳು. ಆ ಕಾಗದದಲ್ಲಿ ಅವಳ ಹೆಸರಿತ್ತು.

"ಏನ್ ಬರದಾರ ನೋಡೇ ಭೀಮವ್ವ."

ಜೊತೆಗೆ ಕೆಲಸ ಮಾಡುವ ಭೀಮಮ್ಮ ಏಳನೆಯ ತರಗತಿಯವರೆಗೆ ಓದಿದವಳು. ತುಟಿ ಅಲ್ಲಾಡಿಸುತ್ತ ಒಮ್ಮೆ ಓದಿದಳು. ಇನ್ನೊಮ್ಮೆ ಓದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಶುಕ್ರವಾರ ಮಧ್ಯಾಹ್ನ ನಿನಗ ಶಾಲು ಹೊಚ್ತಾರಂತ."

ರಾವೂರದಿಂದ ವಾಡಿಗೆ ಹೋಗುವ ದಾರಿಯಲ್ಲಿದ್ದ ಆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ಶಾಲು ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ಮಾಲಕರು ಪಾಲಿಶ್ ಮಶೀನಿನ ತಮ್ಮಣ್ಣನಿಗೆ ಶಾಲು ಹೊಚ್ಚಿ, ಹಾರ ಹಾಕಿ, ಕೈಗೆ ತೆಂಗಿನಕಾಯಿ ಕೊಟ್ಟಿದ್ದರು. ಮರುದಿನ ಅವನು ಬುತ್ತಿ ಹಿಡಿದು ಬಂದರೆ ಗೇಟಿನೊಳಗೆ ಬಿಡಲಿಲ್ಲ. ಕಾವಲಿಗಿದ್ದ ಅಬ್ದುಲ್ ಗನಿಗೂ ಹಾಗೆಯೇ ಆಯಿತು. ಅಂದಿನಿಂದ ಯಾರನ್ನು ಕೆಲಸದಿಂದ ತೆಗೆದರೂ, ಬರಿಗೈಲಿ ಬೈದು ಕಳಿಸಿದರೂ, ಅಲ್ಲಿಯ ಮಂದಿ 'ಅವಗ ಶಾಲು ಹೊಚ್ಚಿದ್ರು' ಎಂದೇ ಹೇಳುತ್ತಿದ್ದರು.

"ನಂದೇನ್ ತಪ್ಪಾಗ್ಯಾದ?" ಎಂದಳು ದಾನಮ್ಮ.

"ತಪ್ಪು ಯಾಕ ಬೇಕ, ವಯಸ್ಸಾತಲ್ಲ. ಹೊಸಾ ಮ್ಯಾನೇಜರ, ಹೊಸಾ ಮಂದಿ. ಮದ್ಲ ಹಾಜರಿ ಹಚ್ಚು, ಇವತ್ತಿನ ಪಗಾರ ಆದ್ರೂ ಸಿಗಲಿ."

ದಾನಮ್ಮನದು ಬಾರಿಸುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೊಂದೇ. ಗೋಡೆಗೆ ಆನಿಸಿದ ಒಂದೊಂದು ಕಲ್ಲನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ, ಸಪ್ಪಳ ಕೇಳಿ, ಗಟ್ಟಿಯೋ ಒಡಕೋ ಹೇಳಬೇಕು. ಗಟ್ಟಿಯಾದರೆ ಸುಣ್ಣದ ಗೆರೆ. ಗೆರೆ ಬಿದ್ದ ಕಲ್ಲನ್ನು ಮಾತ್ರ ಹಮಾಲರು ಲಾರಿಗೆ ಹೊರುತ್ತಿದ್ದರು. ಅವರು ಕಲ್ಲು ನೋಡುತ್ತಿರಲಿಲ್ಲ, ದಾನಮ್ಮನ ಗೆರೆ ನೋಡುತ್ತಿದ್ದರು.

ಅಂದೇ ಹತ್ತು ಗಂಟೆಗೆ ಮ್ಯಾನೇಜರ ಅರುಣಕುಮಾರ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದ. ಮಾಲಕರು ಬದಲಾದ ಮೇಲೆ ಕಲಬುರಗಿಯಿಂದ ಬಂದವನು, ಮೂರು ತಿಂಗಳಾಗಿತ್ತಷ್ಟೆ.

"ದಾನಮ್ಮಾರ, ಈಕಿ ಸುಶ್ಮಿತಾ, ಶಹಾಬಾದದಾಕಿ. ನಿಮಗ ಎಷ್ಟು ಗೊತ್ತದ ಅಷ್ಟೂ ಈಕಿಗಿ ಕಲಿಸ್ರಿ. ಏನೂ ಉಳಿಸ್ಕೋಬ್ಯಾಡ್ರಿ."

ಏನೂ ಉಳಿಸಿಕೊಳ್ಳಬೇಡಿ. ಶಾಲೂ ಬಂತು, ಜಾಗಕ್ಕೆ ಮತ್ತೊಬ್ಬಳೂ ಬಂದಳು. ಇನ್ನು ಕೇಳುವುದೇನಿದೆ?

ಮನೆಗೆ ಹೋದರೆ ಕೂತಲ್ಲಿ ಕೂಡಲಾಗಲಿಲ್ಲ. ಹಂಚಿನ ಮುಂದೆ ಕೂತವಳು ರೊಟ್ಟಿ ತಟ್ಟುವುದು ಬಿಟ್ಟು ಒಲೆಯ ಕಲ್ಲನ್ನು ಬೆರಳಿನಿಂದ ತಟ್ಟುತ್ತಿದ್ದಳು. ಎದ್ದು ಹೊರಗೆ ಹೋದಳು, ಯಾಕೆ ಹೋದೆನೆಂದು ಮರೆತು ಒಳಗೆ ಬಂದಳು. ಮಗಳು ಜಗದೇವಿ ಚಿತ್ತಾಪುರದಿಂದ ಫೋನ್ ಮಾಡಿದರೆ "ಎಲ್ಲಾ ಆರಾಮ ಅದ" ಎಂದು ಇಟ್ಟುಬಿಟ್ಟಳು. ಬರುವ ತಿಂಗಳಿಂದ ಮುಂಜಾನೆ ಎದ್ದು ಎಲ್ಲಿಗೆ ಹೋಗುವುದು? ರೊಟ್ಟಿ ಸೀದಿತು.

ಸುಶ್ಮಿತಾಳ ಕಿವಿ ಚುರುಕಾಗಿತ್ತು. ದಾನಮ್ಮನಿಗೆ ಅದೇ ಬೇನೆ.

"ಠಣ್ ಅಂದ್ರ ಗಟ್ಟಿ, ದಬ್ ಅಂದ್ರ ಒಡಕು. ಹೌದಿಲ್ಲ ದೊಡ್ಡವ್ವ?"

"ಹೂಂ."

"ನಮ್ಮ ಕಾಕಾನ ತಲಿ ಬಾರಿಸಿದ್ರ ದಬ್ ಅಂತದ ನೋಡ್ರಿ."

ದಾನಮ್ಮನಿಗೆ ನಗು ಬಂತು, ನುಂಗಿಕೊಂಡಳು. ತಾನು ಒಂದು ವರ್ಷ ತೆಗೆದುಕೊಂಡದ್ದನ್ನು ಈ ಹುಡುಗಿ ಎರಡು ದಿನಕ್ಕೆ ಹಿಡಿದಿದ್ದಳು. ಬುಧವಾರ ಸಂಜೆ ಪಾಲಿಶ್ ಮಶೀನಿನಿಂದ ಇಳಿದ, ಇನ್ನೂ ನೀರು ಸೋರುವ ಕಲ್ಲುಗಳನ್ನು ತಂದು ನಿಲ್ಲಿಸಿದಾಗ ಹುಡುಗಿ ಕೇಳಿದಳು:

"ದೊಡ್ಡವ್ವ, ಹಸಿ ಕಲ್ಲೂ ಹಿಂಗೇ ಬಾರಿಸೋದಾ?"

ಹಸಿ ಕಲ್ಲು ಸುಳ್ಳು ಹೇಳುತ್ತದೆ. ಕೂದಲೆಳೆಯಂಥ ಬಿರುಕಿನೊಳಗೆ ನೀರು ಕೂತರೆ ಒಡಕು ಕಲ್ಲೂ ಠಣ್ ಎನ್ನುತ್ತದೆ. ಆರಿ ಬೆಳ್ಳಗಾಗುವ ತನಕ ಅದನ್ನು ಮುಟ್ಟಬಾರದು. ಇದನ್ನು ದಾನಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಬೈಸಿಕೊಂಡು ಬೈಸಿಕೊಂಡು ಕಲಿತದ್ದು.

"ಹೂಂ," ಎಂದಳು. ಎಂದವಳೇ ನೀರು ಕುಡಿಯಲು ಎದ್ದು ಹೋದಳು. ನೀರಡಿಕೆ ಆಗಿರಲಿಲ್ಲ.

ಮರುದಿನ ಗುರುವಾರ ಮಶೀನಿನಿಂದ ಮತ್ತೊಂದು ಸಾಲು ಹಸಿ ಕಲ್ಲು ಬಂತು. ಸುಶ್ಮಿತಾ ಒಬ್ಬಳೇ ಬಾರಿಸಿ ಗೆರೆ ಎಳೆದಳು. ದಾನಮ್ಮ ದೂರ ನಿಂತು ನೋಡಿದಳು. ಈಗ ಹೇಳಲೇ, ಈಗ ಹೇಳಲೇ ಎಂದು ಎರಡು ಸಲ ಹೆಜ್ಜೆ ಎತ್ತಿ ಎರಡು ಸಲವೂ ನಿಂತಳು. ಅಷ್ಟರಲ್ಲಿ ಹಮಾಲ ಸಿದ್ದಣ್ಣ ಮತ್ತು ಅವನ ಜೋಡಿಯವನು ದೊಡ್ಡದೊಂದು ಕಲ್ಲನ್ನು ಎತ್ತಿಯಾಗಿತ್ತು. ಲಾರಿಯ ಹತ್ತಿರ ಹೋಗುವಷ್ಟರಲ್ಲಿ ಕಲ್ಲು ನಡುವೆಯೇ ಮುರಿದು ಅರ್ಧ ಭಾಗ ಸಿದ್ದಣ್ಣನ ಪಾದವನ್ನು ಸವರಿಕೊಂಡು ಬಿತ್ತು.

"ಯಪ್ಪಾ! ಯಾವ ಪುಣ್ಯಾತ್ಮ ಗೆರಿ ಎಳದಾನ್ರೋ ಇದಕ್ಕ!"

"ನಾನೇ ಮಾಮಾ," ಎಂದಳು ಸುಶ್ಮಿತಾ. ಮುಖ ಸುಣ್ಣವಾಗಿತ್ತು. "ಠಣ್ ಅಂತ ಅಂದಿತ್ತು. ದೇವರಾಣಿ ಅಂದಿತ್ತು."

ಅರುಣಕುಮಾರನೇ ಗಾಡಿಯ ಮೇಲೆ ಸಿದ್ದಣ್ಣನನ್ನು ವಾಡಿಗೆ ಕರೆದೊಯ್ದು ಹೊಲಿಗೆ ಹಾಕಿಸಿ ತಂದ. ಮೂಳೆ ಮುರಿದಿರಲಿಲ್ಲ. ಬಂದವನು ದಾನಮ್ಮನನ್ನು ಆಫೀಸಿನೊಳಗೆ ಕರೆದ.

"ಕುಂದ್ರಿ."

ಅಲ್ಲಿಯ ಕುರ್ಚಿಯ ಮೇಲೆ ಅವಳು ಎಂದೂ ಕೂತಿರಲಿಲ್ಲ. ತುದಿಗೆ ಕೂತಳು.

"ನಾಳಿ ಹೇಳಬೇಕಂತಿದ್ದೆ, ಇವತ್ತೇ ಹೇಳ್ತೀನಿ. ಒಂದನೇ ತಾರೀಖಿಂದ ನೀವು ಬಾರಿಸೋದು ಕಮ್ಮಿ, ಕಲಿಸೋದು ಜಾಸ್ತಿ. ನಾಕು ಮಂದಿ ಹುಡಿಗ್ಯಾರ ನಿಮ್ಮ ಕೈಯಾಗ. ಪಗಾರನೂ ಹೆಚ್ಚ ಆಗ್ತದ. ಶಾಲು ಅದಕ್ಕೇ."

"ಶಾಲು... ತೆಗೀಲಿಕ್ಕಲ್ಲೇನ್ರಿ?"

"ಯಾರನ್ನ ತೆಗೀಲಿಕ್ಕ? ನಿಮ್ಮನ್ನಾ?" ಅವನು ನಕ್ಕ. "ಚಲೋ ಕೆಲಸ ಮಾಡ್ದೋರಿಗಿ ಸನ್ಮಾನರಿ ಅದು. ಆದ್ರ ಈ ಹುಡುಗಿ ನಡೆಯಂಗಿಲ್ಲ. ಈಕಿಗಿ ಕಿವಿನೇ ಇಲ್ಲ. ನಾಳಿ ಕಳಿಸಿಬಿಡ್ತೀನಿ, ಬ್ಯಾರೆಯಾಕಿನ್ನ ಕೊಡ್ತೀನಿ ನಿಮಗ."

ದಾನಮ್ಮ ಬಾಯಿ ತೆರೆದಳು. "ಹೂಂ" ಎಂಬುದೊಂದೇ ಹೊರಗೆ ಬಂತು.

ಕೆಲಸ ಉಳಿದಿತ್ತು, ಮೇಲೆ ಹೆಚ್ಚೂ ಸಿಕ್ಕಿತ್ತು. ಆದರೂ ಮನೆಗೆ ಹೋಗುವ ದಾರಿಯಲ್ಲಿ ಎರಡು ಸಲ ಕಾರ್ಖಾನೆಯ ಕಡೆ ತಿರುಗಿ ನಿಂತಳು. ಶುಕ್ರವಾರ ಹೊಸ ಸೀರೆ ಉಟ್ಟಳು, ಬಿಚ್ಚಿ ಹಳೆಯದು ಉಟ್ಟಳು, ಮತ್ತೆ ಹೊಸದನ್ನೇ ಉಟ್ಟಳು. ಆಟೋ ಬರುವ ತನಕ ನಿಲ್ಲಲಾರದೆ ಕಾರ್ಖಾನೆಯವರೆಗೆ ನಡೆದೇ ಬಂದಳು.

ಊಟದ ಹೊತ್ತಿಗೆ ಅಂಗಳದಲ್ಲಿ ಮೇಜು ಹಾಕಿದ್ದರು. ಸಿದ್ದಣ್ಣ ಕಾಲಿಗೆ ಬ್ಯಾಂಡೇಜು ಕಟ್ಟಿಕೊಂಡು ಕಲ್ಲಿನ ಮೇಲೆ ಕೂತಿದ್ದ. ಸುಶ್ಮಿತಾ ಗೇಟಿನ ಹತ್ತಿರ ಚೀಲ ಹಿಡಿದು ಶಹಾಬಾದ ಬಸ್ಸಿಗೆ ಕಾಯುತ್ತಿದ್ದಳು. ಅಳುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ಗೇಟಿನ ಕಂಬವನ್ನು ತಟ್ಟಿ ತಟ್ಟಿ ತಲೆ ವಾಲಿಸಿ ಕೇಳುತ್ತಿದ್ದಳು, ತನ್ನ ಕಿವಿ ಎಲ್ಲಿ ತಪ್ಪಿತೆಂದು ಹುಡುಕುವ ಹಾಗೆ.

ಅರುಣಕುಮಾರ ಶಾಲಿನ ಮಡಿಕೆ ಬಿಡಿಸಿದ. ದಾನಮ್ಮ ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ ಸಾಹೇಬ. ಆ ಹುಡುಗಿ ಕಿವಿ ಚಲೋ ಅದ. ಹಸಿ ಕಲ್ಲು ಬಾರಿಸೋದಾ ಅಂತ ನನಗ ಕೇಳಿದ್ಳು. ನಾ ಹೂಂ ಅಂದೆ. ಗೊತ್ತಿದ್ದೇ ಅಂದೆ."

"ಏ ದಾನಕ್ಕ," ಎಂದ ಸಿದ್ದಣ್ಣ, "ನಿನ್ನ ಗೆರಿ ನಂಬಿ ಹೊರೋರು ನಾವು. ಪಾದ ಹೋಗಿದ್ರ ನೀ ಹೊರ್ತಿದ್ದೇನ ನನ್ನ?"

"ಯಾಕ ಹಿಂಗ ಮಾಡಿದ್ರಿ?" ಅರುಣಕುಮಾರನ ದನಿ ಏರಿತು. "ತೆಗೀತೀನಂತ ಅಂಜಿದ್ರ, ಶಾಲು ಯಾಕ ಅಂತ ಮದ್ಲ ನನಗ ಒಂದು ಮಾತು ಕೇಳಬಾರದಿತ್ತಾ?"

"ನೀವೂ ಕರದು ಹೇಳಿರ್ಲಿಲ್ರಿ. ಓದಲಿಕ್ಕ ಬಾರದಾಕಿಗಿ ಕಾಗದ ಅಂಟಿಸಿದ್ರಿ."

ಭೀಮಮ್ಮ ನಡುವೆ ಬಂದು ತಮ್ಮಣ್ಣನ ಕತೆ ಹೇಳಿದಳು. ತೆಂಗಿನಕಾಯಿಯ ಸಮೇತ ಹೇಳಿದಳು. ಅರುಣಕುಮಾರ ಕೇಳುತ್ತ ಕೇಳುತ್ತ ಶಾಲನ್ನು ಮಡಿಚಿ ಮೇಜಿನ ಮೇಲಿಟ್ಟ.

"ಇದು ಇವತ್ತ ಬ್ಯಾಡ," ಎಂದ. "ಕಲಿಸೋ ಕೆಲಸದ್ದೂ ನಾ ವಿಚಾರ ಮಾಡಬೇಕು. ಮದ್ಲಿನಂಗ ಬಾರಿಸಕೋತ ಇರ್ರಿ. ಸಿದ್ದಣ್ಣನ ಮುಂದ ತಪ್ಪಾತಂತ ಕೇಳ್ರಿ." ಆಮೇಲೆ ಗೇಟಿನ ಕಡೆ ತಿರುಗಿ ಕೂಗಿದ: "ಸುಶ್ಮಿತಾ, ತಪ್ಪು ನಿಂದಲ್ಲ. ಇರ್ತಿಯೇನ್ವಾ?"

ದಾನಮ್ಮ ಸಿದ್ದಣ್ಣನ ಮುಂದೆ ಕೈಮುಗಿದು ಏಳುವ ತನಕ ಹುಡುಗಿ ಗೇಟಿನ ಹತ್ತಿರವೇ ಇದ್ದು, ಆಮೇಲೆ ನೇರ ಅವಳ ಮುಂದೆ ಬಂದು ನಿಂತಳು.

"ದೊಡ್ಡವ್ವ, ಇನ್ನ ಏನೇನ್ ಹೇಳಿಲ್ಲ ನನಗ?"

"ಇನ್ನ ಎರಡದಾವ."

"ಎರಡೇ?"

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಹುಡುಗಿ ಚೀಲ ಕೆಳಗಿಡಲೂ ಇಲ್ಲ, ಗೇಟಿನ ಕಡೆ ತಿರುಗಲೂ ಇಲ್ಲ.

"ಮೂರು," ಎಂದಳು ದಾನಮ್ಮ.