ಒಬ್ಬನಿಗೆ ಮಾತ್ರ ಮಾಫಿ

ಸರಕಾರಿ ವಕೀಲರು ಇಬ್ಬರಲ್ಲಿ ಒಬ್ಬನನ್ನು ಬಿಡಲು ಒಪ್ಪಿದ್ದಾರೆಂದು ತಮ್ಮ ಕಡೆಯ ಅಂದಪ್ಪ ವಕೀಲರು ಹೇಳಿದಾಗ ರಸೂಲಬಿಯ ಕಿವಿಗೆ ಬಿದ್ದದ್ದು ‘ಬಿಡಲು’ ಎಂಬುದೊಂದೇ. ಸೆರಗನ್ನು ಬಾಯಿಗೊತ್ತಿಕೊಂಡು ಗಂಡ ಮಾಶಾಕನ ಕಡೆ ನೋಡಿದಳು. ‘ಒಬ್ಬನನ್ನು’ ಎಂಬ ಮಾತು ಆಮೇಲೆ ತಿಳಿಯಿತು.

ಜೈಲಿನಲ್ಲಿದ್ದ ಇಬ್ಬರೂ ಅವಳವರೇ. ಒಬ್ಬ ಮಗ ನಿಜಾಮುದ್ದೀನ. ಇನ್ನೊಬ್ಬ ಅಬ್ದುಲಗನಿ, ಮಗಳು ಜನ್ನತಬಿಯ ಗಂಡ. ಗನಿ ಗದಗಿನ ಎಣ್ಣೆ ಮಿಲ್ಲೊಂದರಲ್ಲಿ ಹಮಾಲಿ ಮಾಡುತ್ತಿದ್ದ. ಮಾಲಕನ ಜೊತೆ ಜಗಳವಾಗಿ ಕೆಲಸ ಹೋಗಿತ್ತು. ಎಪ್ಪತ್ತೊಂಬತ್ತನೆಯ ಇಸವಿಯ ಒಂದು ಅಮಾವಾಸ್ಯೆ, ಮಿಲ್ಲಿಗೆ ರಜೆ ಇದ್ದ ಮಧ್ಯಾಹ್ನ, ಅವನು ಹೆಂಡತಿಯ ತಮ್ಮನನ್ನು ಕರೆದುಕೊಂಡು ಹಿಂದಿನ ಬಾಗಿಲಿನಿಂದ ಒಳಹೊಕ್ಕ. ಎಣ್ಣೆ ಡಬ್ಬಿ ಹೇರಲು ನಿಜಾಮುದ್ದೀನ ತಂದೆಯ ಟಾಂಗಾ ತಂದಿದ್ದ. ಕಾವಲುಗಾರ ಗಾಳೆಪ್ಪ ಊಟಕ್ಕೆ ಹೋಗಿರುತ್ತಾನೆಂದು ಗನಿ ನಂಬಿದ್ದ. ಗಾಳೆಪ್ಪ ಹೋಗಿರಲಿಲ್ಲ. ಅಡ್ಡ ಬಂದ, ನೂಕಾಟದಲ್ಲಿ ಬಿದ್ದ, ತಲೆ ಕಟ್ಟೆಯ ಕಲ್ಲಿಗೆ ಬಡಿಯಿತು. ಆಮೇಲೆ ಬಂದ ಮಂದಿ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ತೀರಿಕೊಂಡ. ಪೊಲೀಸರು ಟಾಂಗಾದ ಗುರುತು ಹಿಡಿದು ಅದೇ ಸಂಜೆ ಬೆಟಗೇರಿಯ ಮಾಶಾಕನ ಮನೆಗೆ ಬಂದರು.

“ನೂಕಿದಾವ ಯಾರು ಅಂತ ಕಂಡವರು ಯಾರೂ ಇಲ್ಲ,” ಅಂದಪ್ಪ ವಕೀಲರು ವಿವರಿಸಿದರು. “ಹಿಂಗಾಗಿ ಅವರಿಗೂ ಕೇಸ್ ಗಟ್ಟಿ ಆಗವಲ್ದು. ಒಬ್ಬ ಮಾಫಿ ಸಾಕ್ಷಿ ಆಗಲಿ ಅಂತಾರ. ಅಂದ್ರ ನಡದದ್ದೆಲ್ಲಾ ಕೋರ್ಟಿನಾಗ ಹೇಳಬೇಕು. ಹೇಳಿದಾವಗ ಮಾಫಿ. ಇನ್ನೊಬ್ಬನ ಮ್ಯಾಲ ಖೂನಿ ಕೇಸ್ ನಡೀತೈತಿ. ನಿಜಾಮುದ್ದೀನ ಸಣ್ಣಾವ ಅದಾನ, ಮೊದಲ ಅವನ್ನ ಕೇಳ್ರಿ ಅಂದಾರ.”

“ಇಬ್ಬರೂ ಸುಮ್ಮನಿದ್ರ?” ಮಾಶಾಕ ಕೇಳಿದ.

“ಡಬ್ಬಿ ಸಿಕ್ಕಾವು, ಟಾಂಗಾ ಸಿಕ್ಕೈತಿ. ಇಬ್ಬರ ಮ್ಯಾಲೂ ಖೂನಿ ಕೇಸ್. ಗಲ್ಲೋ ಜೀವಾವಧಿಯೋ, ನಾ ಹೇಳಾಕ ಆಗೂದಿಲ್ಲ.”

“ಇಬ್ಬರೂ ಸಾಕ್ಷಿ ಹೇಳಿದ್ರ ಸಾಹೇಬ್ರ?” ರಸೂಲಬಿ ಕೇಳಿದಳು.

“ಇಬ್ಬರಿಗೂ ಮಾಫಿ ಕೊಟ್ರ ಶಿಕ್ಷಾ ಯಾರಿಗೆ ಕೊಡಬೇಕವ್ವಾ? ಸೋಮವಾರ ಸರಕಾರಿ ವಕೀಲರು ಗದಗಿಗೆ ಬರತಾರ. ಅಷ್ಟರಾಗ ಹುಡುಗನ ಮನಸ್ಸು ತಿಳಕೊಂಡು ಬರ್ರಿ.”

ಮರುದಿನ ರಸೂಲಬಿ ಒಬ್ಬಳೇ ಜೈಲಿಗೆ ಹೋದಳು. ಸರಳಿನಾಚೆ ಬಂದು ನಿಂತ ನಿಜಾಮುದ್ದೀನನ ಗಲ್ಲದ ಎಲುಬು ಎದ್ದು ಕಾಣುತ್ತಿದ್ದವು. ವಕೀಲರು ಹೇಳಿದ್ದನ್ನು ಅವಳು ತನಗೆ ತಿಳಿದಂತೆ ಹೇಳಿದಳು.

“ನಾ ಏನ ಹೇಳಬೇಕಂತ?” ಅವನು ಕೇಳಿದ.

“ಖರೆ ಏನೈತಿ ಅದನ್ನ.”

ಅವನು ಬಾಗಿಲ ಹತ್ತಿರದ ಪೊಲೀಸನ ಕಡೆ ನೋಡಿದ. ಪೊಲೀಸ ಬೀಡಿ ಹಚ್ಚುತ್ತ ಬೇರೆ ಯಾರ ಜೊತೆಗೋ ಮಾತಾಡುತ್ತಿದ್ದ.

“ಖರೆ ಹೇಳಿದ್ರ ನನಗ ಮಾಫಿ ಸಿಗೂದಿಲ್ಲಮ್ಮಾ. ನೂಕಿದಾವ ನಾನ.”

ರಸೂಲಬಿ ಸರಳು ಹಿಡಿದುಕೊಂಡಳು.

“ನನ್ನ ಅಂಗಿ ಹಿಡದಿದ್ದ, ಬಿಡವಲ್ಲ. ಬಿಡಿಸ್ಕೊಳ್ಳಾಕ ನೂಕಿದೆ. ಬಿದ್ದ. ನೀರ, ನೀರ ಅಂದ. ನಾ ಓಡಿ ಟಾಂಗಾ ಹತ್ತಿದೆ. ಗನಿಭಾಯಿ ಬರಲಿಲ್ಲ. ಅಲ್ಲೇ ಇದ್ದ ಕೊಡದಾಗಿನ ನೀರ ಬೊಗಸಿಲೆ ಕುಡಿಸಿದ. ನಾ ಬಾ, ಬಾ ಅಂತ ಒದರಾಕತ್ತಿದ್ದೆ.” ಅವನ ದನಿ ಇನ್ನೂ ಸಣ್ಣದಾಯಿತು. “ವಕೀಲರ ಮುಂದನೂ ಇದನ್ನ ಹೇಳಿಲ್ಲ. ನಿನ್ನ ಮುಂದ ಅಷ್ಟ.”

“ಗನಿ ಏನ ಹೇಳ್ಯಾನ?”

“ಏನೂ ಹೇಳಿಲ್ಲ. ಪೊಲೀಸರು ಹೊಡದ್ರೂ ಬಾಯಿ ಬಿಟ್ಟಿಲ್ಲ.”

ಖರೆ ಹೇಳು ಎಂದು ಇನ್ನೊಮ್ಮೆ ಹೇಳಲು ಅವಳಿಂದಾಗಲಿಲ್ಲ. ಸುಳ್ಳು ಹೇಳು ಎಂದೂ ಅನ್ನಲಿಲ್ಲ. ಮಗ ಅವಳ ಮುಖವನ್ನೇ ನೋಡುತ್ತಿದ್ದ. ಹೊತ್ತಾಯಿತೆಂದು ಪೊಲೀಸ ಕೂಗಿದಾಗ ಅವಳಿಗೆ ಒಳಗೊಳಗೇ ಸಮಾಧಾನವಾಯಿತು. ತಾನು ಏನೂ ಹೇಳದೆ ಬಂದದ್ದೇ ಅವನಿಗೆ ಅಪ್ಪಣೆಯಾಯಿತೆಂಬುದು ಮನೆ ಮುಟ್ಟುವಷ್ಟರಲ್ಲಿ ಹೊಳೆಯಿತು. ತಿರುಗಿ ಹೋಗಲಿಲ್ಲ.

ಮನೆಯಲ್ಲಿ ಮಾಶಾಕ ಆಗಲೇ ತೀರ್ಮಾನಕ್ಕೆ ಬಂದಿದ್ದ. “ಗನಿ ನೂಕಿದ ಅಂತ ಹೇಳಲಿ, ಮುಗೀತು. ಖರೆನೂ ಅದ ಇರಬೇಕು. ನಮ್ಮ ಹುಡುಗ ಕುದುರಿಗೆ ಸೈತ ಬಾರಕೋಲ ಎತ್ತಿದಾವಲ್ಲ.”

ಗಂಡ ಜೈಲು ಸೇರಿದಂದಿನಿಂದ ಜನ್ನತಬಿ ತವರಿನಲ್ಲೇ ಇದ್ದಳು. ಏಳು ತಿಂಗಳ ಬಸುರಿ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು; ಹಿಟ್ಟಿನ ಕೈಯಲ್ಲೇ ಅವಳು ಹೊರಗೆ ಬಂದಳು.

“ಅವರು ನೂಕಿಲ್ಲ, ಅಬ್ಬಾ. ನನ್ನ ಮುಂದ ಹೇಳ್ಯಾರ. ಮತ್ತ ಯಾರು ನೂಕಿದ್ರು ಅಂತ ಕೇಳಿದ್ರ ಸುಮ್ಮನಾದ್ರು. ಅವರು ಸುಮ್ಮನಾದದ್ದಕ್ಕ ನನಗ ತಿಳೀತು.”

“ಬಾಯಿ ಮುಚ್ಚು,” ಎಂದ ಮಾಶಾಕ.

ಜನ್ನತಬಿ ತಾಯಿಯ ಕಡೆ ತಿರುಗಿದಳು. “ನಿನಗೂ ಗೊತ್ತೈತಿ. ನನ್ನ ಹೊಟ್ಟ್ಯಾಗಿನ ಕೂಸಿಗೆ ಮಾಮಾ ಇರಬೇಕೋ ಅಪ್ಪ ಇರಬೇಕೋ, ನೀನ ಹೇಳಮ್ಮಾ.”

ರಸೂಲಬಿ ಒಳಗೆ ಹೋಗಿ ಮಗಳು ಬಿಟ್ಟುಬಂದ ರೊಟ್ಟಿ ಬಡಿಯತೊಡಗಿದಳು. ಬೆಳಗ್ಗೆ ಜನ್ನತಬಿ ಬಟ್ಟೆಯ ಗಂಟು ಕಟ್ಟಿಕೊಂಡು ಗಂಡನ ಊರಾದ ಲಕ್ಷ್ಮೇಶ್ವರದ ಬಸ್ಸು ಹತ್ತಿದಳು. ಕಿಟಕಿಯ ಕೆಳಗೆ ತಾಯಿ ನಿಂತೇ ಇದ್ದಳು. ಬಸ್ಸು ತಿರುಗಿ ಮರೆಯಾಗುವ ತನಕ ಮಗಳು ಅತ್ತ ನೋಡಲಿಲ್ಲ.

ಸೋಮವಾರ ಗದಗಿನ ಕೋರ್ಟಿನಲ್ಲಿ ಅಂದಪ್ಪ ವಕೀಲರು ಮಾಶಾಕನನ್ನು ಪಕ್ಕಕ್ಕೆ ಕರೆದು, ಹುಡುಗ ಸಾಕ್ಷಿಯಾಗಲು ಒಪ್ಪಿದ್ದಾನೆಂದೂ ಸರಕಾರಿ ವಕೀಲರು ಅವನನ್ನು ವಿಚಾರಿಸಿದ್ದಾರೆಂದೂ ತಿಳಿಸಿದರು. ಮಾಶಾಕನ ಮುಖ ಎಷ್ಟೋ ದಿನಗಳ ಮೇಲೆ ಸಡಿಲಾಯಿತು. ಅವನು ಚಹಾ ತರಲು ಹೋದ. ರಸೂಲಬಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಹಣೆಗೆ ಕುಂಕುಮವಿಲ್ಲದ ಹೆಂಗಸೊಬ್ಬಳು ಬಂದು ಮಗ್ಗುಲಲ್ಲಿ ಕುಳಿತಳು.

“ನೀ ಆ ಹುಡುಗನ ತಾಯೇನು?”

“ಹೌದವ್ವಾ.”

“ನಾ ಕಳಸಾಪುರದ ಕರೆವ್ವ. ಗಾಳೆಪ್ಪ ನನ್ನ ಗಂಡ.”

ರಸೂಲಬಿ ತಲೆ ತಗ್ಗಿಸಿ ಬೈಗುಳಕ್ಕಾಗಿ ಕಾದಳು.

“ಬೈಯಾಕ ಬಂದಿಲ್ಲ. ಬೈದು ಬೈದು ಸಾಕಾಗೇತಿ. ಒಂದ ಕೇಳಬೇಕಾಗಿತ್ತು. ಹುಬ್ಬಳ್ಳಿಗೆ ಒಯ್ಯಾಗ ಅವಂಗ ಖಬರ ಇರಲಿಲ್ಲ, ಕಣ್ಣ ತೆರೀಲಿಲ್ಲ. ಅದಕ್ಕೂ ಮೊದಲ ಏನರ ಅಂದ್ನೇನು? ನಿನ್ನ ಮಗ ನಿನ್ನ ಮುಂದ ಏನರ ಹೇಳ್ಯಾನೇನು? ನನಗ ಯಾರೂ ಹೇಳವಲ್ರು. ಬಾಯಿ ಒಣಗಿ ಸತ್ನೋ ಏನೋ ಅಂತ ತುತ್ತ ಬಾಯಿಗೆ ಇಟ್ಟಾಗೆಲ್ಲಾ ಅನಸತೈತಿ.”

ನನಗೇನೂ ಗೊತ್ತಿಲ್ಲ ಎಂದು ಎದ್ದು ಹೋಗಬೇಕೆಂದು ರಸೂಲಬಿ ಕೈಯೂರಿದಳು. ಏಳಲಾಗಲಿಲ್ಲ. ಕರೆವ್ವನ ಕಣ್ಣು ಒಣಗಿದ್ದವು.

“ನೀರ ಬೇಡಿದಾ,” ಎಂದಳು ರಸೂಲಬಿ. “ನನ್ನ ಅಳಿಯ ಕುಂತು ಬೊಗಸಿಲೆ ಕುಡಿಸ್ಯಾನ. ಕುಡದಾನವ್ವಾ. ಒಣಗಿ ಸತ್ತಿಲ್ಲ.”

ಕರೆವ್ವ ಅವಳ ಮೊಣಕಾಲು ಹಿಡಿದುಕೊಂಡು ಅಳತೊಡಗಿದಳು. ಅವಳ ಬೆನ್ನ ಮೇಲೆ ಕೈಯಿಟ್ಟ ರಸೂಲಬಿಗೆ ಹಿಂದೆ ಯಾರೋ ನಿಂತದ್ದು ತಿಳಿಯಲಿಲ್ಲ.

“ಅಳಿಯ ನೀರ ಕುಡಿಸೂಮುಂದ ನಿಮ್ಮ ಮಗ ಎಲ್ಲಿದ್ದ?”

ಕರಿ ಕೋಟಿನ ಸರಕಾರಿ ವಕೀಲರು. ರಸೂಲಬಿ ಕರೆವ್ವನ ಬೆನ್ನ ಮೇಲಿನ ಕೈ ತೆಗೆದಳು.

“ಗನಿ ನೂಕಿ ಓಡಿ ಹೋದ, ನೀರ ಕುಡಿಸಿದಾವ ನಾನು ಅಂತ ನಿಮ್ಮ ಮಗ ಹೇಳ್ಯಾನ. ಯಾವುದು ಖರೆ?”

ಅವಳು ಅವರ ಕಾಲಿಗೆ ಬಿದ್ದಳು. “ನಾ ಏನೂ ಹೇಳಿಲ್ರಿ ಸಾಹೇಬ್ರ. ಈಕಿ ಅಳಾಕತ್ತಿದ್ಲು, ಸಮಾಧಾನ ಮಾಡಾಕ ಏನೋ ಅಂದೆ. ನನ್ನ ಮಾತ ಹಿಡೀಬ್ಯಾಡ್ರಿ. ಇಪ್ಪತ್ತ ವರ್ಷದ ಹುಡುಗ ಅದಾನ್ರಿ.”

ಅವರು ಹಿಂದೆ ಸರಿದರು. “ಏಳ್ರಿ. ಮಾಫಿ ಇರೂದ ಒಬ್ಬಗ. ಸುಳ್ಳ ಹೇಳಾವಗ ಕೊಡಿಸಿದ್ರ ನಾಳೆ ಧಾರವಾಡದ ದೊಡ್ಡ ಕೋರ್ಟಿನಾಗ ನನ್ನ ಕೇಸ್ ನಿಲ್ಲೂದಿಲ್ಲ.” ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಒಳಗೆ ಹೋದರು. ಬೆನ್ನ ಹಿಂದೆ ಓಡಿದ ರಸೂಲಬಿಯನ್ನು ಬಾಗಿಲಲ್ಲಿ ಜವಾನ ತಡೆದ. ಮಾಶಾಕ ಚಹಾದ ಕಪ್ಪು ಹಿಡಿದು ಬಂದಾಗ ಅವಳು ನೆಲದ ಮೇಲೆ ಕೂತಿದ್ದಳು. ಏನಾಯಿತೆಂದು ಕೇಳಿದ. ತಲೆ ತಿರುಗಿತು ಎಂದಳು.

ಸಂಜೆ ಅಂದಪ್ಪ ವಕೀಲರು ಅವಳೊಬ್ಬಳನ್ನೇ ಕರೆದರು. “ನನ್ನ ಕೇಳದ ಯಾಕ ಬಾಯಿ ಬಿಟ್ಟೀಯವ್ವಾ?” ಎಂದು ಕೇಳಿದರು. ಸರಕಾರದವರು ಮನಸ್ಸು ಬದಲಿಸಿದರೆಂದಷ್ಟೇ ಮಾಶಾಕನಿಗೆ ತಿಳಿಸಿದರು. ಮಾಫಿ ಈಗ ಗನಿಯ ಮುಂದೆ ಬಂತು. ಅವನು ಮೊದಲು ಒಲ್ಲೆ ಎಂದನಂತೆ. ಲಕ್ಷ್ಮೇಶ್ವರದಿಂದ ಜನ್ನತಬಿ ಬಂದು ಸರಳಿನ ಮುಂದೆ ನಿಂತು, ಹೊಟ್ಟೆ ತೋರಿಸಿ, ಒಪ್ಪಿಸಿ ಹೋದಳಂತೆ. ಬೆಟಗೇರಿಯ ಮನೆಗೆ ಅವಳು ಬರಲಿಲ್ಲ. ಮಾಶಾಕ ಅಳಿಯನ ಹೆಸರೆತ್ತಿದರೆ ಉಗುಳುತ್ತಿದ್ದ. ಗನಿಯೇ ಸರಕಾರದವರ ಕಿವಿ ಊದಿದ್ದಾನೆಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ರಸೂಲಬಿ ಅದನ್ನು ಕೇಳಿಸಿಕೊಳ್ಳುತ್ತ ಒಲೆಯ ಮುಂದೆ ಕೂತಿರುತ್ತಿದ್ದಳು. ಅಲ್ಲವೆಂದು ಹೇಳಲು ಬಾಯಿ ತೆರೆದು ಎಷ್ಟೋ ಸಲ ಮುಚ್ಚಿದಳು.

ಮುಂದಿನ ವರ್ಷ ಧಾರವಾಡದ ಕೋರ್ಟಿನಲ್ಲಿ ಗನಿ ಸಾಕ್ಷಿ ಹೇಳಿದ. ಕಳವಿಗೆ ಕರೆದೊಯ್ದವನು ತಾನೇ ಎಂದ. ಹುಡುಗ ಬಿಡಿಸಿಕೊಳ್ಳಲು ನೂಕಿದ, ಕೊಲ್ಲಲು ಅಲ್ಲ ಎಂದ. ಹೇಳುವಾಗ ಒಮ್ಮೆಯೂ ನಿಜಾಮುದ್ದೀನನ ಕಡೆ ನೋಡಲಾಗಲಿಲ್ಲ ಅವನಿಗೆ. ಆ ಒಂದು ಮಾತಿನಿಂದಲೇ ಗಲ್ಲು ತಪ್ಪಿತು, ಖೂನಿಯೆಂಬುದು ನಿಲ್ಲಲಿಲ್ಲ ಎಂದು ಅಂದಪ್ಪ ವಕೀಲರು ಆಮೇಲೆ ತಿಳಿಸಿದರು. ನಿಜಾಮುದ್ದೀನನಿಗೆ ಏಳು ವರ್ಷ ಸಜೆಯಾಯಿತು. ಗನಿ ಬಿಡುಗಡೆಯಾಗಿ, ಕೂಸನ್ನೆತ್ತಿಕೊಂಡು ನಿಂತಿದ್ದ ಜನ್ನತಬಿಯ ಜೊತೆ ಗೇಟು ದಾಟಿ ಹೋದ.

ಪೊಲೀಸರ ಗಾಡಿಯ ಹತ್ತಿರ ರಸೂಲಬಿಗೆ ಮಗನ ಜೊತೆ ಮಾತಾಡಲು ಬಿಟ್ಟರು. ಮಾಶಾಕ ಮಗನಿಗೆಂದು ಬಾಳೆಹಣ್ಣು ತರಲು ರಸ್ತೆಯಾಚೆ ಹೋಗಿದ್ದ.

“ಸರಕಾರದವರಿಗೆ ನಾನ ಹೇಳಿದೆ,” ಎಂದಳು. “ಗಾಳೆಪ್ಪನ ಹೆಂಡತಿ ಕೇಳಿದ್ಲು. ಬಾಯಿಗೆ ಬಂದುಬಿಟ್ಟಿತು.”

“ಗೊತ್ತಿತ್ತು,” ಎಂದ ನಿಜಾಮುದ್ದೀನ. “ನಿನ್ನ ಬಿಟ್ರ ಯಾರ ಮುಂದೂ ಹೇಳಿರಲಿಲ್ಲಲ್ಲ.”

ಬೇಡಿ ಹಾಕಿದ ಕೈಗಳನ್ನು ಅವಳು ಹಿಡಿಯಹೋದಳು. ಅವನು ಹಿಂದಕ್ಕೆ ಎಳೆದುಕೊಂಡ. ಆಮೇಲೆ ತಾನೇ ಮುಂದೆ ಚಾಚಿದ, ಮುಖ ಮಾತ್ರ ಬೇರೆ ಕಡೆ ಇತ್ತು. ಹಣ್ಣಿನ ಪೊಟ್ಟಣ ಹಿಡಿದು ರಸ್ತೆ ದಾಟುತ್ತಿದ್ದ ತಂದೆಯನ್ನು ನೋಡುತ್ತ ಹೇಳಿದ:

“ಅಬ್ಬಾನ ಮುಂದ ಹೇಳಬ್ಯಾಡ. ಅವಂಗ ಮನ್ಯಾಗ ಈಗ ನೀ ಒಬ್ಬಾಕಿನ ಉಳದೀ.”

ಗಾಡಿ ಹೋದ ಮೇಲೆ ಮಾಶಾಕ, ಏನೆಂದ ಎಂದು ಕೇಳಿದ. ನೋಡಾಕ ಜಲ್ದಿ ಬಾ ಅಂದಾನ ಎಂದಳು ರಸೂಲಬಿ. ಇಬ್ಬರೂ ಗದಗಿನ ಬಸ್ಸು ಹುಡುಕುತ್ತ ನಡೆದರು.